ವಾಡಿಯಲ್ಲಿ ಹೆಪ್ಪನಾಡಿನ ಅರಸರು

ವಾಡಿ ಜಂಕ್ಷನ್ನಿನ ಹಿಂಬದಿಯ ರಸ್ತೆಯಲ್ಲಿ ಒಂದು ಬರ್ಫಿನ ಕಾರ್ಖಾನೆ ಇದೆ. ಬೇಸಿಗೆ ಬಂದರೆ ಊರಿನ ಗಣ್ಯರೆಲ್ಲ ಅಲ್ಲಿ ಬಂದು ಕೂರುತ್ತಾರೆ. ಯಾಕೆ ಬಂದಿರಿ ಎಂದರೆ ಒಬ್ಬರು ಪೇಪರ್ ಓದಲು ಎನ್ನುತ್ತಾರೆ, ಇನ್ನೊಬ್ಬರು ಅಂಬರಾಯನನ್ನು ಮಾತಾಡಿಸಲು ಎನ್ನುತ್ತಾರೆ. ಧಗೆ ತಡೆಯಲಾಗದೆ ಬಂದೆವು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಗಣ್ಯರಿಗೆ ಬೆವರು ಬರುವುದಿಲ್ಲವೆಂಬುದು ವಾಡಿಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು.

ಅಂಬರಾಯ ಆ ಕಾರ್ಖಾನೆಯ ಯಂತ್ರ ನೋಡಿಕೊಳ್ಳುವವನು. ಉಪ್ಪುನೀರಿನ ತೊಟ್ಟಿಯಲ್ಲಿ ನೀರು ತುಂಬಿದ ಡಬ್ಬಿಗಳನ್ನು ಇಳಿಸುವುದು, ನೀರು ಕಲ್ಲಾದ ಮೇಲೆ ಎತ್ತುವುದು, ಬರ್ಫಿನ ಗಡ್ಡೆಗಳಾದ ಲಾದಿಗಳನ್ನು ಗೋಣಿಚೀಲದಲ್ಲಿ ಸುತ್ತಿ ಗಾಡಿಗೆ ಹಾಕುವುದು ಅವನ ಕೆಲಸ. ಅವನ ಹಿರಿಯರು ಕಾಗಿಣಾ ಹೊಳೆಯಲ್ಲಿ ಜನರನ್ನು ಡೋಣಿಯಲ್ಲಿ ದಾಟಿಸುತ್ತಿದ್ದವರು. ಸೇತುವೆ ಬಂದಿತು, ಜನ ತಾವೇ ದಾಟಲು ಕಲಿತರು, ಮನೆತನ ವಾಡಿಗೆ ಬಂತು. ಹರಿಯುವ ನೀರು ಬಿಟ್ಟು ನಿಂತ ನೀರು ಹಿಡಿದೆವು ಎಂದು ಅಂಬರಾಯ ನಗುತ್ತಿದ್ದ. ಮಾತು ಬಲ್ಲವನು. ಆದರೆ ಅವನ ಮಾತು ಅವನನ್ನು ಎಲ್ಲಿಗೆ ಒಯ್ಯಬಹುದು ಎಂದು ಆ ಬೇಸಿಗೆಯವರೆಗೆ ಯಾರೂ ಎಣಿಸಿರಲಿಲ್ಲ.

ಸುರುವಾದದ್ದು ಮಗಳು ಸುಶ್ಮಿತಾಳ ಮೊಬೈಲಿನಿಂದ. ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿ ಕೂತ ಹುಡುಗಿ ಒಂದು ಆಟ ಆಡುತ್ತಿದ್ದಳು. ಅಂಬರಾಯ ಚಹಾ ಕುಡಿಯುತ್ತಾ ಇಣುಕಿದ. ಪರದೆಯ ತುಂಬ ಬರ್ಫು, ನಡುವೆ ಒಂದು ಪಾಳು ಕೋಟೆ.

"ಇದು ಯಾವ ಊರವ್ವಾ?"

"ಊರಲ್ಲಪ್ಪಾ, ಖಂಡ. ಉತ್ತರದ ತುದಿಗೆ ಅದ."

"ಇಷ್ಟು ದೊಡ್ಡ ಕೋಟಿ ಯಾರು ಕಟ್ಟಿಸಿದ್ದು?"

"ಯಾರೂ ಇಲ್ಲ. ಹಾಂಗೇ ಅದ. ಒಳಗ ಹೋಗಿ ರಾಕ್ಷಸನ್ನ ಹೊಡಿಯೂದು, ಮುಂದಕ್ಕ ಹೋಗೂದು."

ಅಂಬರಾಯನಿಗೆ ಇದು ಸರಿ ಕಾಣಲಿಲ್ಲ. ಕೋಟೆ ಇದೆ, ಕಟ್ಟಿಸಿದವರು ಇಲ್ಲ ಎಂದರೆ ಏನರ್ಥ? ಅವನ ಸೀಮೆಯಲ್ಲಿ ಇತಿಹಾಸಕ್ಕೆ ಬರವಿರಲಿಲ್ಲ. ಸೇಡಂ ರಸ್ತೆಯಲ್ಲಿ ಮಳಖೇಡವೇ ಇತ್ತು, ಒಂದು ಕಾಲಕ್ಕೆ ದಖ್ಖನಿನ ಅರ್ಧವನ್ನು ಆಳಿದ ರಾಜಧಾನಿ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಅದನ್ನೊಮ್ಮೆ ನೋಡಿ, ಟಿಕೆಟ್ಟು ಯಾವ ಕಿಸೆಯಲ್ಲಿಟ್ಟೆ ಎಂದು ಹುಡುಕತೊಡಗುತ್ತಾರೆ. ಅಲ್ಲಿ ಅರಸರಿದ್ದರೂ ಕೇಳುವವರಿಲ್ಲ. ಇಲ್ಲಿ ಕೇಳಲು ತಾನು ತಯಾರಿದ್ದರೂ ಅರಸರಿಲ್ಲ. ಇಲ್ಲದಿದ್ದರೆ ತಾನೇ ತಂದು ಕೂಡಿಸಿದರಾಯಿತು ಎಂದುಕೊಂಡ.

ಮರುದಿನ ಕಾರ್ಖಾನೆಯಲ್ಲಿ ಮೊದಲು ಸಿಕ್ಕವನು ಮಜೀದಸಾಬ. ಮೀನಿನ ವ್ಯಾಪಾರಿ, ದಿನವೂ ಬರ್ಫಿಗೆ ಬರುವವನು, ಅಂಬರಾಯನ ಹಳೆಯ ದೋಸ್ತ. ಅಂಬರಾಯ ಆ ಬರ್ಫಿನ ಖಂಡಕ್ಕೆ ಹೆಪ್ಪನಾಡು ಎಂದು ಹೆಸರಿಟ್ಟು ಅವನಿಗೆ ಅದರ ಕಥೆ ಹೇಳಿದ. ಆ ನಾಡು ಮೊದಲು ನಮ್ಮ ಹಾಗೇ ಎರೆಭೂಮಿ, ತೊಗರಿ ಬೆಳೆಯುತ್ತಿತ್ತು. ಒಂದು ವರ್ಷ ಬಂದ ಚಳಿಗಾಲ ಮದುವೆಗೆ ಬಂದ ಬೀಗರ ಹಾಗೆ ಹೊರಡುವ ಮಾತೇ ಆಡದೆ ಕೂತುಬಿಟ್ಟಿತು. ಆ ನಾಡಿಗೆ ಮಂದಿಯನ್ನು ಸಮುದ್ರ ದಾಟಿಸಿ ತಂದವಳು ರಾಣಿ ತೊರೆಯಮ್ಮ. ನೀರು ಗಟ್ಟಿಯಾದಾಗ ಅವಳ ಕಡೆಯ ಡೋಣಿ ದಂಡೆಯಲ್ಲೇ ಸಿಕ್ಕಿಕೊಂಡಿತು, ಇವತ್ತಿಗೂ ಅಲ್ಲೇ ಇದೆ. ಮೊದಲ ಅರಸ ನಡುಗರಸ. ಬೆಂಕಿ ಕಡಿಮೆಯಿದ್ದ ನಾಡಿನಲ್ಲಿ ಒಂದೇ ದೊಡ್ಡ ಒಲೆ ಹೂಡಿ ಎಲ್ಲರಿಗೂ ಅಲ್ಲೇ ಉಣ್ಣಿಸಿದವನು.

ಮಜೀದಸಾಬ ಬೀಡಿ ಆರಿಸಿ ಯೋಚನೆ ಮಾಡಿದ. "ಅಲ್ಲಿ ಮೀನು ಸಿಗ್ತಾವೇನು?"

"ಬೇಕಾದಷ್ಟು."

"ಬರ್ಫಿನ ಖರ್ಚೂ ಇಲ್ಲ. ಧಂಧಾಕ್ಕ ಭಾಳ ಛಲೋ ಸೀಮಿ ಬಿಡು."

ಮಜೀದಸಾಬನ ವಿಮರ್ಶೆ ಅಷ್ಟಕ್ಕೇ ಮುಗಿಯಿತು. ಗಣ್ಯರದು ಹಾಗಲ್ಲ. ಕಲ್ಯಾಣಪ್ಪನವರು ರೈಲ್ವೆಯ ಪಾರ್ಸಲ್ ಆಫೀಸಿನಿಂದ ನಿವೃತ್ತರಾದವರು. ಊರಿಂದೂರಿಗೆ ಹೋಗುವ ಗಂಟುಗಳನ್ನು ಜೀವಮಾನವಿಡೀ ನೋಡಿದ್ದರಿಂದ ನಾಗರಿಕತೆಗಳ ಚಲನೆ ತಮಗೆ ತಿಳಿಯುತ್ತದೆ ಎಂಬ ನಂಬಿಕೆ ಅವರಿಗಿತ್ತು. ಸಂಶೋಧಕ ಎಂದು ಮನೆಯ ಬಾಗಿಲಿಗೆ ಬರೆಸಿದ್ದರು. ಅವರು ಕಥೆ ಕೇಳಿ ಕನ್ನಡಕ ಸರಿಮಾಡಿಕೊಂಡರು.

"ಆಧಾರ ಏನದ ಇದಕ್ಕ?"

"ಶಾಸನ ಇದ್ದುವು ಸರ್. ಬರ್ಫಿನ ಮ್ಯಾಲ ಕೆತ್ತಿದ್ರು. ಕರಗಿ ಹೋದುವು."

ಚೇಷ್ಟೆಗೆ ಹೇಳಿದ ಮಾತು. ಆದರೆ ಕಲ್ಯಾಣಪ್ಪನವರು ನಗಲಿಲ್ಲ. ಕರಗಿದ ಶಾಸನವನ್ನು ಯಾರೂ ತಪ್ಪು ಎಂದು ತೋರಿಸಲಾರರು ಎಂಬುದು ಅವರಿಗೆ ಥಟ್ಟನೆ ಹೊಳೆಯಿತು. ಅಂಥ ಆಧಾರಕ್ಕಾಗಿ ಅವರು ಎಷ್ಟೋ ವರ್ಷದಿಂದ ಕಾದಿದ್ದರು. ವಾರದೊಳಗೆ ಶಹಾಬಾದಿನ ಒಂದು ಸಭೆಯಲ್ಲಿ 'ಕರಗಿದ ಶಾಸನಗಳು: ಒಂದು ಅವಲೋಕನ' ಎಂದು ಮಾತಾಡಿ ಶಾಲು ಹೊದಿಸಿಕೊಂಡು ಬಂದರು. ಆ ಬಿಸಿಲಿನಲ್ಲಿ ಶಾಲು ಹೊತ್ತು ಬಂದವರಿಗೆ ಹೆಪ್ಪನಾಡು ಎಷ್ಟು ನಿಜವೆನಿಸಿರಬೇಕು.

ಅಂಬರಾಯನಿಗೆ ಮೊದಮೊದಲು ಖುಷಿಯೇ ಆಯಿತು. ತಾನು ಲಾದಿ ಎತ್ತುತ್ತಾ ಹೇಳಿದ್ದನ್ನು ಶಾಲು ಹೊದ್ದವರು ಹೇಳುತ್ತಿದ್ದಾರಲ್ಲ ಎಂದು ಹೆಂಡತಿ ಅಂಬುಬಾಯಿಯ ಮುಂದೆ ಬೀಗಿದ. ಅವಳು ರೊಟ್ಟಿ ಬಡಿಯುತ್ತಾ, "ಶಾಲು ನಿಮಗ ಯಾಕ ಕೊಡಲಿಲ್ಲರಿ?" ಎಂದಳು.

ಕಥೆ ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಅದಕ್ಕೆ ವಾರಸುದಾರರು ಹುಟ್ಟಿಕೊಂಡರು. ರಾವೂರಿನಲ್ಲಿ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಯಂತ್ರ ಇಟ್ಟುಕೊಂಡಿದ್ದ ಅಣವೀರನಿಗೆ ಮುಂದಿನ ಚುನಾವಣೆಗೆ ನಿಲ್ಲುವ ಆಸೆ ಇತ್ತು. ನಿಲ್ಲಲು ಒಬ್ಬ ಮಹಾಪುರುಷ ಬೇಕಿತ್ತು. ಇದ್ದ ಮಹಾಪುರುಷರನ್ನೆಲ್ಲ ಬೇರೆಯವರು ಆಗಲೇ ಹಿಡಿದುಬಿಟ್ಟಿದ್ದರು. ನಡುಗರಸನ ಸುದ್ದಿ ಕೇಳಿದ್ದೇ ಅವನು ಕಾರ್ಖಾನೆಗೆ ಬಂದ.

"ದಿನಾ ಊರ ಮಂದಿಗೆಲ್ಲಾ ಉಣ್ಣಿಸ್ತಿದ್ದ ಅಂದ್ರ ಅಂವ ನಮ್ಮಾಂವನೇ. ಬ್ಯಾರೆ ಯಾರು ಉಣ್ಣಸ್ತಾರ?"

ಅಂಬರಾಯ ಹಿಂದೆ ಮುಂದೆ ನೋಡಿದ. "ಅಣವೀರಪ್ಪಾ, ಅವಾಗ ನಿಮ್ಮೋರು ನಮ್ಮೋರು ಅಂತ ಇರಲಿಲ್ಲರಿ."

"ಇರಲಿಲ್ಲ ಅಂದ್ರ ಹ್ಯಾಂಗ? ಎಲ್ಲಾ ಕಾಲಕ್ಕೂ ಇರ್ತದ." ಅಣವೀರ ಅಷ್ಟು ಹೇಳಿ, ಒಂದು ಸಣ್ಣ ಬರ್ಫಿನ ತುಂಡು ಬಾಯಿಗೆ ಹಾಕಿಕೊಂಡು ಹೋದ.

ಈ ಮಾತು ಭಾಗಣ್ಣನ ಕಿವಿಗೆ ಬಿತ್ತು. ಭಾಗಣ್ಣ ಅಂಬರಾಯನ ಸಂಬಂಧಿ, ಹೊಳೆದಂಡೆಯ ಮಂದಿಯ ಸಂಘದ ಕಾರ್ಯದರ್ಶಿ. ಅವನು ತೊರೆಯಮ್ಮನನ್ನು ಹಿಡಿದ. ಡೋಣಿ ನಡೆಸಿದವಳು ಇನ್ಯಾರವಳಾಗಲು ಸಾಧ್ಯ? ಇಷ್ಟರವರೆಗೆ ತೊಂದರೆ ಇರಲಿಲ್ಲ. ಒಬ್ಬರಿಗೆ ರಾಜ, ಒಬ್ಬರಿಗೆ ರಾಣಿ, ಲೆಕ್ಕ ಸಮ. ಆದರೆ ಭಾಗಣ್ಣ ಸಂಘದ ವಾಟ್ಸ್ಆಪ್ ಗುಂಪಿನಲ್ಲಿ ಒಂದು ಸಾಲು ಹಾಕಿದ: ನಡುಗರಸ ನಮ್ಮ ತಾಯಿಯ ಡೋಣಿಯಲ್ಲಿ ಕೂತು ಬಂದವನು, ಅದಕ್ಕೇ ಅವನಿಗೆ ರಾಜ್ಯ ಸಿಕ್ಕಿತು.

ಸಂಜೆಯೊಳಗೆ ಅಣವೀರ ಕಾರ್ಖಾನೆಯಲ್ಲಿದ್ದ. ಭಾಗಣ್ಣನೂ ಇದ್ದ.

"ನಮ್ಮ ರಾಜ ಒಬ್ಬರ ಡೋಣ್ಯಾಗ ಕುಂತು ಬರ್ತಾನೇನು? ಅಂವ ಬರ್ಫಿನ ಮ್ಯಾಲ ನಡಕೋತ ಬಂದ."

"ಅವಾಗಿನ್ನೂ ಬರ್ಫ್ ಆಗಿರಲಿಲ್ಲ. ನೀರಿನ ಮ್ಯಾಲ ನಡದನೇನು?" ಎಂದ ಭಾಗಣ್ಣ. ಆಮೇಲೆ ಅಂಬರಾಯನತ್ತ ತಿರುಗಿ, "ಮಾವಾ, ನೀವೇ ಹೇಳ್ರಿ. ನಮ್ಮೋರಾಗಿ ಹೇಳ್ರಿ" ಎಂದ.

ಅಂಬರಾಯನಿಗೆ ಗೊತ್ತಿದ್ದದ್ದು ಇಷ್ಟೇ: ನಡುಗರಸ ಹೇಗೆ ಬಂದ ಎಂದು ತಾನು ಇನ್ನೂ ಯೋಚಿಸಿರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದ. ಇತಿಹಾಸವನ್ನು ಯೋಚಿಸಿ ಹೇಳುವುದು ಎಂದರೇನು ಎಂದು ಇಬ್ಬರಿಗೂ ಏಕಕಾಲಕ್ಕೆ ಅನುಮಾನ ಬಂತು.

ಅಲ್ಲಿಂದ ಊರಲ್ಲಿ ಎರಡು ಪಕ್ಷ. ಡೋಣಿಯವರು, ನಡಿಗೆಯವರು. ಎರಡು ತಿಂಗಳ ಹಿಂದೆ ಯಾರಿಗೂ ಗೊತ್ತಿಲ್ಲದ ಅರಸನ ಹೆಸರಲ್ಲಿ ಬ್ಯಾನರುಗಳು ಎದ್ದವು. ಒಂದು ಮಧ್ಯಾಹ್ನ ಬಿರುಗಾಳಿ ಬೀಸಿ ಎರಡೂ ಕಡೆಯ ಬ್ಯಾನರು ಹರಿದವು. ಗಾಳಿ ಯಾವ ಪಕ್ಷದ್ದೆಂದು ತಿಳಿಯದೆ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡರು. ಚಹಾದಂಗಡಿಯಲ್ಲಿ ಬೆಂಚುಗಳು ಬೇರೆಯಾದವು. ಕಾರ್ಖಾನೆಯ ಮಾಲೀಕರು ಅಂಬರಾಯನನ್ನು ಕರೆದು, "ನಿನಗ ಬರ್ಫ್ ಮಾಡು ಅಂತ ಇಟ್ಟೀನಿ, ಬೆಂಕಿ ಹಚ್ಚು ಅಂತಲ್ಲ" ಎಂದರು.

ಅಂಬರಾಯನಿಗೆ ಊಟ ಸೇರಲಿಲ್ಲ. ತೊರೆಯಮ್ಮ ಎಂಬುದು ಅವನ ಮುತ್ತಜ್ಜಿಯ ಹೆಸರು. ಹೊಳೆ ತುಂಬಿದ ದಿನ ಬಸುರಿಯೊಬ್ಬಳನ್ನು ಡೋಣಿಯಲ್ಲಿ ದಾಟಿಸಿದವಳು ಎಂದು ಮನೆಯಲ್ಲಿ ಹೇಳುತ್ತಿದ್ದರು. ಅವಳಿಗೊಂದು ರಾಜ್ಯ ಕೊಡೋಣ ಎಂದು ಆಸೆಪಟ್ಟಿದ್ದನೇ ಹೊರತು, ಅವಳ ಹೆಸರಲ್ಲಿ ಚಹಾದಂಗಡಿಯ ಬೆಂಚು ಒಡೆಯಬೇಕೆಂದು ಅಲ್ಲ.

ಹಿರಿಯರು ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿಸಿದರು. ಅಂಬರಾಯ ಎದ್ದು ನಿಂತ. ಮುಂದೆ ಅಣವೀರ, ಭಾಗಣ್ಣ, ನಡುವೆ ಕುರ್ಚಿಯಲ್ಲಿ ಕಲ್ಯಾಣಪ್ಪನವರು.

"ಹಿರಿಯರು ಸಿಟ್ಟಾಗಬ್ಯಾಡ್ರಿ. ಆ ಸೀಮಿ ಇಲ್ಲ. ರಾಜನೂ ಇಲ್ಲ, ರಾಣಿನೂ ಇಲ್ಲ. ಮಗಳ ಮೊಬೈಲ್‌ನಾಗ ಒಂದು ಚಿತ್ರ ನೋಡಿ ನಾನೇ ಕಟ್ಟಿ ಹೇಳಿದ್ದು. ಎಲ್ಲಾ ಬಿಟ್ಟುಬಿಡ್ರಿ."

ಆಮೇಲೆ ನಡೆದದ್ದನ್ನು ಅಂಬರಾಯ ನಿರೀಕ್ಷಿಸಿರಲಿಲ್ಲ. ಎರಡು ಪಕ್ಷಗಳು ಮೊದಲ ಸಲ ಒಂದಾದವು. ಯಾರೋ ಇವನಿಗೆ ಹೇಳಿಕೊಟ್ಟಿದ್ದಾರೆ ಎಂದ ಅಣವೀರ. ಮಾವ ಹೆದರಿದ್ದಾನೆ ಎಂದ ಭಾಗಣ್ಣ. ಕಲ್ಯಾಣಪ್ಪನವರು ಕೈಯೆತ್ತಿ ಇಬ್ಬರನ್ನೂ ಸುಮ್ಮನಿರಿಸಿದರು.

"ಅಂಬರಾಯ ಯಂತ್ರ ನಡಸಾಂವ. ಅಂವಗ ಇಷ್ಟೆಲ್ಲಾ ಕಟ್ಟಲಿಕ್ಕೆ ಬರ್ತದೇನು? ಯಾರೋ ಹಳೇ ಮಂದಿ ಹೇಳಿದ್ದು ಕಿವಿಗೆ ಬಿದ್ದಿರಬೇಕು. ಅದನ್ನ ತಾನೇ ಕಟ್ಟೀನಿ ಅನ್ನಾಕತ್ತಾನ. ಪಾಪ, ಬಿಡ್ರಿ."

ಪಾಪ ಎಂಬುದಕ್ಕೆ ಸಭೆ ಪೂರ್ತಿ ಒಪ್ಪಿತು. ಹೆಪ್ಪನಾಡು ಅಂಬರಾಯನಿಗಿಂತ ಹಳೆಯದು ಎಂದು ಅಂದೇ ತೀರ್ಮಾನವಾಯಿತು.

ಗುಂಪಿನ ಹಿಂದೆ ನಿಂತಿದ್ದ ಮಜೀದಸಾಬ ಅವನ ಹೆಗಲ ಮೇಲೆ ಕೈಯಿಟ್ಟ. "ನಡಿ ಭಾಯಿ. ನಿನ್ನ ಸೀಮಿ ನಿನ್ನ ಕೈಬಿಟ್ಟದ. ನನ್ನ ಮೀನು ಗಾಡ್ಯಾಗ ಬಿಸಿಲಿಗೆ ಅದಾವ."

ರಾಜಿ ಸೂತ್ರವನ್ನೂ ಕಲ್ಯಾಣಪ್ಪನವರೇ ಕಂಡುಹಿಡಿದರು. ಹೊಸದಾಗಿ ಕರಗಿದ ಒಂದು ಶಾಸನದ ಪ್ರಕಾರ, ನಡುಗರಸ ಬಂದಾಗ ಸಮುದ್ರ ಅರ್ಧ ಗಟ್ಟಿಯಾಗಿತ್ತು. ಆದ್ದರಿಂದ ಅವನು ಒಂದು ಕಾಲು ಡೋಣಿಯಲ್ಲಿ, ಒಂದು ಕಾಲು ಬರ್ಫಿನ ಮೇಲೆ ಇಟ್ಟುಕೊಂಡು ಬಂದ. ಹಾಗೆ ಯಾರಾದರೂ ಎಷ್ಟು ದೂರ ಬರಬಲ್ಲರು ಎಂದು ಕೇಳುವವರು ಆ ಹೊತ್ತಿಗೆ ಊರಲ್ಲಿ ಉಳಿದಿರಲಿಲ್ಲ. ಡೋಣಿಯವರು ಒಂದು ಕಾಲಿಗೆ, ನಡಿಗೆಯವರು ಇನ್ನೊಂದು ಕಾಲಿಗೆ ತೃಪ್ತರಾದರು.

ಮೊದಲ ಮಳೆ ಬಿದ್ದ ಮೇಲೆ ಜಂಟಿ ಜಯಂತಿ ನಡೆಯಿತು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಗಡ್ಡದ ಅರಸ ಉಣ್ಣೆಯ ಕಂಬಳಿ ಹೊದ್ದು, ಕಾಲಗಲಿಸಿ, ಬಹಳ ಕಷ್ಟದಲ್ಲಿ ನಿಂತಿದ್ದ. ಪಕ್ಕದಲ್ಲಿ ತೊರೆಯಮ್ಮ ಮೂಗುತಿ, ಕಾಸಿನಸರ, ರೇಷ್ಮೆ ಸೀರೆಯಲ್ಲಿ. ಅಷ್ಟು ಥಂಡಿಯಲ್ಲಿ ಅವಳಿಗೊಂದು ಕಂಬಳಿ ಕೊಡಬೇಕೆಂದು ಚಿತ್ರಗಾರನಿಗೆ ಹೊಳೆದಿರಲಿಲ್ಲ. ಅಂಬರಾಯ ಕಡೆಯ ಸಾಲಿನಲ್ಲಿ, ಫ್ಯಾನಿನ ಗಾಳಿ ಬಾರದ ಕಡೆ ಕೂತಿದ್ದ. ಕರೆದಿದ್ದರು, ಬಂದಿದ್ದ. ಕುಡಿಯುವ ನೀರಿನ ಡ್ರಮ್ಮಿಗೆ ಬರ್ಫಿನ ಲಾದಿಯನ್ನೂ ಅವನ ಕೈಯಿಂದಲೇ ತರಿಸಿಕೊಂಡಿದ್ದರು.

ಕಲ್ಯಾಣಪ್ಪನವರು ಭಾಷಣ ಮಾಡುತ್ತಾ ತೊರೆಯಮ್ಮ ಹನ್ನೆರಡು ಯುದ್ಧ ಗೆದ್ದವಳೆಂದರು. ಅಂಬರಾಯ ತನಗೇ ತಿಳಿಯದೆ ಎದ್ದು ನಿಂತ. ಅವಳು ಯಾರೊಂದಿಗೂ ಜಗಳಕ್ಕೆ ಹೋದವಳಲ್ಲ, ಬರೀ ದಾಟಿಸಿದವಳು ಎಂದು ಹೇಳಬೇಕಿತ್ತು. ಬಾಯಿ ತೆರೆಯುವ ಮೊದಲೇ ಎದೆಗೆ ಬ್ಯಾಡ್ಜು ಹಾಕಿಕೊಂಡ ಒಬ್ಬ ಸ್ವಯಂಸೇವಕ ಬಂದ.

"ಕಾಕಾ, ಕುಂದ್ರಿ. ಹಿಂದಿನೋರಿಗೆ ಕಾಣವಲ್ದು."

ಹಿಂದೆ ಗೋಡೆ ಮಾತ್ರ ಇತ್ತು. ಆದರೂ ಅಂಬರಾಯ ಕೂತ. ಸಿಟ್ಟು ಬರುತ್ತದೆ ಎಂದು ಕಾದ, ಬರಲಿಲ್ಲ. ಭಾಷಣ ಮುಗಿದ ಮೇಲೆ ಎಲ್ಲರ ಜೊತೆ ಸಾಲಿನಲ್ಲಿ ಕೂತು ಗೋಧಿ ಹುಗ್ಗಿ ಉಂಡ, ಮನೆಗೆ ಬಂದ.

ಅಂಬುಬಾಯಿ ಅಂಗಳದಲ್ಲಿ ಒಲೆ ಹೊತ್ತಿಸಿ ನೀರು ಕಾಸುತ್ತಿದ್ದಳು. ಮಳೆಯಲ್ಲಿ ಕಟ್ಟಿಗೆ ಹಸಿಯಾಗಿ ಬರೀ ಹೊಗೆ. ಅವನು ಕಟ್ಟೆಯ ಮೇಲೆ ಕೂತು ನಡೆದದ್ದೆಲ್ಲ ಹೇಳಿದ. ಇಷ್ಟು ದಿನ ಹೆಪ್ಪನಾಡಿನ ಮಾತು ಬಂದರೆ ಒಳಗೆ ಹೋಗುತ್ತಿದ್ದವಳು, ಈ ಸಲ ಊದುಗೊಳವೆ ಕೆಳಗಿಟ್ಟು ಕೇಳಿದಳು.

"ಒಂದು ಕೇಳ್ತೀನಿ. ಆ ಸೀಮ್ಯಾಗ ಗಿಡ ಅದಾವೇನು?"

"ಇಲ್ಲ. ಬರೀ ಬರ್ಫ್."

"ಮತ್ತ ತೊರೆಯಮ್ಮ ಜಳಕಕ್ಕ ನೀರು ಹ್ಯಾಂಗ ಕಾಸ್ತಿದ್ಳು? ಆ ರಾಜ ಊರಿಗೆಲ್ಲಾ ಅಡಿಗಿ ಮಾಡಸ್ತಿದ್ನಲ್ಲ, ಒಲಿಗೆ ಏನ್ ಹಾಕ್ತಿದ್ರು?"

ಅದು ಇಡೀ ಬೇಸಿಗೆಯಲ್ಲಿ ಯಾವ ಪಕ್ಷದವರೂ, ಯಾವ ಸಂಶೋಧಕರೂ ಕೇಳದ ಪ್ರಶ್ನೆ.

"ವಿಚಾರ ಮಾಡಿ ನಾಳಿಗೆ ಹೇಳ್ತೀನಿ."

"ನಾಳಿ ತನಕ ಅಕಿ ತಣ್ಣೀರಾಗ ಜಳಕ ಮಾಡಬೇಕೇನ್ರಿ?" ಎಂದು ಅಂಬುಬಾಯಿ ಅವನ ಕಡೆ ಸರಿದು ಕೂತಳು. "ಮೀನು ಭಾಳ ಅದಾವ ಅಂದಿದ್ರಿ. ದೊಡ್ಡ ಮೀನಿಗೆ ಕೊಬ್ಬು ಇರ್ತದಲ್ಲ, ಅದು ಉರಿಯೂದಿಲ್ಲೇನು?"

ಅಂಬರಾಯ ಅವಳ ಮುಖ ನೋಡಿದ. ಆಮೇಲೆ ಕಟ್ಟೆಯಿಂದ ಇಳಿದು, ಒಲೆಯ ಈಚೆ ಕೂತು, ಆ ಮೀನು ಎಷ್ಟು ದೊಡ್ಡದಿತ್ತು ಎಂದು ಎರಡೂ ಕೈ ಚಾಚಿ ತೋರಿಸತೊಡಗಿದ.