ಯೇವ್ ಇದ್ದವರು ಹೊರಗೆ

ಸಲಹೆ ಕೊಡುವುದೆಂದರೆ ನನಗೆ ಮೊದಲಿನಿಂದಲೂ ಇಷ್ಟ. ಕೇಳಿದವರಿಗೆ ಕೊಟ್ಟಿದ್ದೇನೆ, ಕೇಳದವರಿಗೆ ಇನ್ನೂ ಹೆಚ್ಚಾಗಿ ಕೊಟ್ಟಿದ್ದೇನೆ. ಹಾಗಾಗಿ ನಮ್ಮೂರಿನ ಕೊಮ್ಯೂನ್, ಅಂದರೆ ಇಲ್ಲಿನ ನಗರಸಭೆ, ಶಾಲೆಗಳ ಯೋಜನೆ ಮತ್ತು ಖರ್ಚಿನ ಬಗ್ಗೆ ಅಭಿಪ್ರಾಯ ಹೇಳಲು ಊರವರ ಒಂದು ಗುಂಪು ಬೇಕು, ಸಂಬಳವಿಲ್ಲ, ಕಾಫಿಯುಂಟು ಎಂದು ಪ್ರಕಟಿಸಿದಾಗ ಅಂದೇ ಹೆಸರು ಕೊಟ್ಟೆ. ಊರೆಂದರೆ ಸ್ವೀಡನ್ನಿನ ಒಂದು ಪುಟ್ಟ ಊರು. ನನ್ನ ಗಂಡ ಶ್ರೀಧರ ಇಲ್ಲಿಂದ ರೈಲು ಹಿಡಿದು ಶೋವ್ಡೆಯ ಕಾರ್ ಎಂಜಿನ್ ಕಾರ್ಖಾನೆಗೆ ಹೋಗುತ್ತಾನೆ, ನಾನು ಅಲ್ಲಿನ ವಿಶ್ವವಿದ್ಯಾಲಯಕ್ಕೆ.

"ಮನೇಲಿ ಕೊಡೋ ಅಡ್ವೈಸ್ ಸಾಲ್ತಿಲ್ವಾ ನಿಂಗೆ?" ಎಂದ ಶ್ರೀಧರ.

"ಮನೇಲಿ ಯಾರ್ ಕೇಳ್ತಾರೆ?"

"ಕೊಮ್ಯೂನ್‌ನೋರು ಕೇಳ್ತಾರೇನು?"

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಗುಂಪಿಗೆ ಅಧಿಕಾರ ಇಲ್ಲ, ಮತವೂ ಇಲ್ಲ. ನಾವು ಹೇಳಬಹುದು, ಅವರು ಬಿಡಬಹುದು. ಆದರೂ ಶಾಲೆಯ ಲೈಬ್ರರಿಯಲ್ಲಿ ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತು, ಏಲಕ್ಕಿ ಬನ್ನು ತಿನ್ನುತ್ತಾ, ಅಡುಗೆಮನೆಯ ಒಲೆ ಬದಲಿಸಬೇಕೇ, ಮುಂದೆ ಮಕ್ಕಳು ಕಮ್ಮಿಯಾದರೆ ಯಾವ ಕಟ್ಟಡ ಉಳಿಸಿಕೊಳ್ಳಬೇಕು ಎಂದು ಚರ್ಚಿಸುವಾಗ ನನಗೊಂದು ವಿಚಿತ್ರ ಸುಖ. ಆ ಸುಖ ಇಲ್ಲಿನದಲ್ಲ, ಮೈಸೂರಿನದು.

ನಾವು ಓದಿದ ಸರ್ಕಾರಿ ಶಾಲೆ ನಮ್ಮ ಮನೆಯ ಎದುರಿಗೇ ಇತ್ತು. ಅಂಚೆ ಕಚೇರಿಯಲ್ಲಿದ್ದ ಅಪ್ಪ ಶಾಲಾ ಸಮಿತಿಯ ಸದಸ್ಯ. ಮೀಟಿಂಗ್ ನಡೆಯುತ್ತಿದ್ದುದು ವರಾಂಡದಲ್ಲಿ. ಕಾಫಿ ನಮ್ಮ ಮನೆಯಿಂದ ಕೂಜದಲ್ಲಿ ಹೋಗುತ್ತಿತ್ತು, ಲೋಟಗಳನ್ನು ಹೊರುವವಳು ನಾನು. ಹಾಗೆ ಹೊತ್ತು ನಿಂತಿದ್ದಾಗ ಕಂಡ ಒಂದು ದೃಶ್ಯ ಇವತ್ತಿಗೂ ಕಣ್ಣಿಗೆ ಕಟ್ಟಿದೆ: ಬಂದ ಹಣದಲ್ಲಿ ಶಾಲೆಗೆ ಬಣ್ಣ ಹೊಡೆಸೋಣವೆಂದು ಎಲ್ಲರೂ ಒಪ್ಪಿದ್ದಾಗ ಅಪ್ಪ ಎದ್ದು ನಿಂತು, "ಗೋಡೆ ಹೆಂಗಾದ್ರೂ ಇರ್ಲಿ ಸ್ವಾಮಿ, ಮೊದ್ಲು ಹೆಣ್ಣುಮಕ್ಕಳಿಗೆ ಒಂದು ಟಾಯ್ಲೆಟ್ ಕಟ್ಸಿ" ಎಂದದ್ದು. ಅಪ್ಪನ ಬಿಳಿ ಅಂಗಿಯ ಮೇಲೆ ಸಂಜೆಯ ಬಿಸಿಲು. ಈ ಕಥೆಯನ್ನು ನಾನು ಇಲ್ಲಿನ ಗುಂಪಿನ ಮೊದಲ ಸಭೆಯಲ್ಲೇ ಹೇಳಿದ್ದೆ. ಸ್ವೀಡನ್ನಿನವರು ಮೆಚ್ಚಿದರೆ ಚಪ್ಪಾಳೆ ತಟ್ಟುವುದಿಲ್ಲ, ಇನ್ನೊಂದು ಬನ್ನನ್ನು ಮುಂದಕ್ಕೆ ತಳ್ಳುತ್ತಾರೆ. ತಳ್ಳಿದರು. ಬಿಸಿಲಿನ ವಿಷಯ ಮಾತ್ರ ನನಗೇ ಅನುಮಾನ. ವರಾಂಡ ಯಾವ ದಿಕ್ಕಿಗಿತ್ತು ಎಂಬುದೇ ನೆನಪಿಲ್ಲದವಳಿಗೆ ಬಿಸಿಲು ಹೇಗೆ ನೆನಪಿದ್ದೀತು?

ಹೋದ ಶರತ್ಕಾಲದ ಒಂದು ಸಭೆಗೆ ಕೊಮ್ಯೂನ್ ಕಳಿಸಿದ ಪ್ರಸ್ತಾವ ನನ್ನ ಸುಖಕ್ಕೆ ಕಲ್ಲು ಹಾಕಿತು. ಇಲ್ಲಿ ಮನೆಯಲ್ಲಿ ಬೇರೆ ಭಾಷೆಯಿರುವ ಮಕ್ಕಳಿಗೆ ಆ ಭಾಷೆಯನ್ನು ಶಾಲೆಯೇ ಕಲಿಸುತ್ತದೆ. ನಮ್ಮೂರಿನ ಐದು ಕನ್ನಡದ ಮಕ್ಕಳಿಗಾಗಿ ವಾರಕ್ಕೊಮ್ಮೆ ರೇಖಾ ಮೇಡಂ ರೈಲಿನಲ್ಲಿ ಬರುತ್ತಾರೆ. ಅವರ ಓಡಾಟದ ಖರ್ಚು ಉಳಿಸಲು ಇಂಥ ಪಾಠಗಳನ್ನೆಲ್ಲ ಕಂಪ್ಯೂಟರ್ ಪರದೆಯ ಮೇಲೆ ನಡೆಸಬಹುದೇ ಎಂದು ಕೊಮ್ಯೂನ್ ಕೇಳಿತ್ತು. ನನ್ನ ಮಗಳು ಇಂಚರಾ ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷ್‌ನಲ್ಲಿ ಉತ್ತರಿಸುವವಳು. ಕನ್ನಡ ಅವಳ ಬಾಯಿಂದ ಹೊರಡುವುದು ಆ ಒಂದು ತರಗತಿಯಲ್ಲಿ ಮಾತ್ರ. ವಿಷಯ ತಿಳಿದದ್ದೇ, "ಸ್ಕ್ರೀನ್ ಆದ್ರೆ ನಾನ್ ಬರಲ್ಲ" ಎಂದಳು, ಅಪರೂಪಕ್ಕೆ ಕನ್ನಡದಲ್ಲೇ. ಐದಕ್ಕಿಂತ ಕಮ್ಮಿಯಾದರೆ ಪಾಠ ನಡೆಸಲೇಬೇಕೆಂಬ ನಿಯಮವಿಲ್ಲ. ಅವಳೊಬ್ಬಳು ಬಿಟ್ಟರೆ ಉಳಿದ ನಾಲ್ವರ ಕನ್ನಡವೂ ನಿಂತಂತೆ.

ಒಂದು ವಾರ ಕೂತು ಸ್ವೀಡಿಷ್‌ನಲ್ಲಿ ಭಾಷಣ ಬರೆದೆ. ಕನ್ನಡಿಯ ಮುಂದೆ ಹೇಳಿಕೊಂಡೆ. ಅಪ್ಪನಂತೆ ಎದ್ದು ನಿಲ್ಲುವುದನ್ನೂ ಅಭ್ಯಾಸ ಮಾಡಿದೆ ಎಂದರೆ ನಗಬಾರದು.

ಸಭೆಯಲ್ಲಿ ಆ ವಿಷಯ ಬಂತು. ಗುಂಪಿನ ಅಧ್ಯಕ್ಷೆ ಗುನಿಲ್ಲಾ, ನಿವೃತ್ತ ದಾದಿ, ಕನ್ನಡಕ ಸರಿಮಾಡಿಕೊಂಡು ಕೇಳಿದಳು: "ಇದರಲ್ಲಿ ಯಾರಿಗಾದರೂ ಯೇವ್ ಇದೆಯೇ?"

ಯೇವ್ ಎಂದರೆ ವಿಷಯದಲ್ಲಿ ನಿಮ್ಮ ಸ್ವಂತದ್ದೇನೋ ಸಿಕ್ಕಿಕೊಂಡಿರುವುದು. ಹಾಗಿದ್ದವರು ಚರ್ಚೆ ಮುಗಿಯುವ ತನಕ ಎದ್ದು ಹೊರಗೆ ಹೋಗಬೇಕು. ನಮ್ಮ ಪತ್ರಿಕೆಗಳು ಇದನ್ನು ಹಿತಾಸಕ್ತಿಗಳ ಸಂಘರ್ಷ ಎನ್ನುತ್ತವೆ, ಎರಡು ಸೈನ್ಯ ಎದುರುಬದುರಾದಂತೆ. ಸ್ವೀಡಿಷ್‌ಗೆ ಒಂದೇ ಉಸಿರು ಸಾಕು. ಎಲ್ಲರೂ ನನ್ನ ಕಡೆ ನೋಡಿದರು, ತುಂಬ ಪ್ರೀತಿಯಿಂದ.

"ಆದರೆ ಇದರ ಬಗ್ಗೆ ಗೊತ್ತಿರುವುದೇ ನನಗೆ" ಎಂದೆ.

"ಅದೇ ತೊಂದರೆ, ಪುಟ್ಟೀ" ಎಂದಳು ಗುನಿಲ್ಲಾ. "ಕಾಫಿ ತೆಗೆದುಕೊಂಡು ಹೋಗು, ಆರಿಹೋಗುತ್ತೆ."

ಎದ್ದು ನಿಲ್ಲುವ ಅಭ್ಯಾಸ ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ಕಾರಿಡಾರಿನಲ್ಲಿ ಮಕ್ಕಳ ಕೋಟುಗಳ ಕೆಳಗಿನ ಬೆಂಚಿನಲ್ಲಿ ಕೂತೆ. ನನ್ನ ಹಿಂದೆಯೇ ಮುದುಕ ಇಂಗ್ವಾರ್ ಕೂಡ ಕಾಫಿ ಹಿಡಿದು ಬಂದ. ಅವನ ಮೊಮ್ಮಗ ಅದೇ ಯೋಜನೆಯಡಿ ಫಿನ್ನಿಷ್ ಕಲಿಯುತ್ತಾನಂತೆ.

"ನನ್ನ ಅಮ್ಮ ಫಿನ್ಲೆಂಡಿನವಳು" ಎಂದ. "ನನಗೆ ಭಾಷೆ ಕಲಿಸಲಿಲ್ಲ. ನಾಚಿಕೆ ಇತ್ತೋ ಏನೋ. ಈಗ ಮೊಮ್ಮಗ ನನಗೆ ಹೇಳಿಕೊಡುತ್ತಾನೆ. ಯಾರನ್ನಾದರೂ ಹತ್ತಿರ ಕರೆಯೋದಕ್ಕೆ ನಿನ್ನ ಭಾಷೆಯಲ್ಲಿ ಏನನ್ನುತ್ತಾರೆ?"

"ಬಾ."

"ಅಷ್ಟೇನಾ? ಫಿನ್ನಿಷ್‌ನಲ್ಲಿ ತುಲೆ. ನಿನ್ನದರಲ್ಲಿ ಉಳಿತಾಯ ಜಾಸ್ತಿ. ಒಳಗೆ ಅದನ್ನಾದರೂ ಹೇಳಬೇಕಿತ್ತು ನೀನು."

ಇಬ್ಬರೂ ನಕ್ಕೆವು. ಮುಚ್ಚಿದ ಬಾಗಿಲಿನಾಚೆ ಕನ್ನಡವನ್ನಾಗಲಿ ಫಿನ್ನಿಷನ್ನಾಗಲಿ ಒಮ್ಮೆಯೂ ಕೇಳಿರದವರು ಎರಡರ ಭವಿಷ್ಯವನ್ನೂ ನಿಷ್ಪಕ್ಷಪಾತವಾಗಿ ಯೋಚಿಸುತ್ತಿದ್ದರು. ನನ್ನ ನಗು ಅರ್ಧಕ್ಕೇ ನಿಂತಿತು. ಅಪ್ಪನಿಗೂ ಇಬ್ಬರು ಹೆಣ್ಣುಮಕ್ಕಳು ಅದೇ ಶಾಲೆಯಲ್ಲಿದ್ದರಲ್ಲ. ಈ ದೇಶದಲ್ಲಿದ್ದಿದ್ದರೆ ಅಪ್ಪನನ್ನೂ ಲೋಟ ಕೊಟ್ಟು ಹೊರಗೆ ಕೂರಿಸುತ್ತಿದ್ದರು.

ಆ ಭಾನುವಾರ ಮೈಸೂರಿನಲ್ಲಿರುವ ಸುಧಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿಕೊಂಡೆ. ಅಪ್ಪ ಎದ್ದು ನಿಂತದ್ದು, ನ್ಯಾಯ, ಬಿಸಿಲು. ಅಕ್ಕ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ.

"ಅಯ್ಯೋ ಪೆದ್ದಿ, ಇಸ್ಕೂಲ್ ಹುಡುಗೀರೆಲ್ಲ ಬರ್ತಿದ್ದಿದ್ದು ನಮ್ಮನೆ ಬಚ್ಚಲಿಗೆ ಕಣೇ! ನೀರು ಸೇದೀ ಸೇದೀ ಅಮ್ಮನ ರಟ್ಟೆ ಬಿದ್ದೋಗಿತ್ತು. 'ಇವತ್ ಹೇಳ್ದೆ ಬಂದ್ರೆ ಮನೇಗೇ ಬರ್ಬೇಡಿ' ಅಂದಿದ್ಲು ಅಪ್ಪಂಗೆ."

"ಎದ್ದು ನಿಂತಿದ್ದಂತೂ ನಿಜ ತಾನೇ?"

"ಬೆಂಚಿನ್ ಕಾಲು ಮುರಿದಿತ್ತಲ್ಲೇ, ಎಲ್ರೂ ನಿಂತೇ ಇದ್ರು. ಆ ಬೆಂಚ್ ಮಾಡ್ಕೊಟ್ಟೋನು ಕಮಿಟಿ ಪ್ರೆಸಿಡೆಂಟ್ರ ಭಾಮೈದ!"

ನಾನು ದಿನಚರಿ ಬರೆಯುವವಳು. ನೆನಪಿನ ಮೇಲೆ ನಂಬಿಕೆಯಿಲ್ಲದ್ದರಿಂದಲೇ ಬರೆಯುತ್ತೇನೆ. ಆದರೆ ಆಗ ನನಗೆ ದಿನಚರಿ ಬರೆಯುವ ವಯಸ್ಸಾಗಿರಲಿಲ್ಲ. ನೆನಪು ತನಗೆ ಬೇಕಾದ ಅಪ್ಪನನ್ನು ಬಿಸಿಲಿನಲ್ಲಿ ನಿಲ್ಲಿಸಿ, ನೀರು ಸೇದುವ ಅಮ್ಮನನ್ನು ಅಳಿಸಿಹಾಕಿತ್ತು. ಎಲ್ಲ ಸದಸ್ಯರಿಗಿಂತ ಹೆಚ್ಚು ಯೇವ್ ಇರುವುದು ಈ ನೆನಪಿಗೇ. ಎದ್ದು ಹೊರಗೆ ಹೋಗೆಂದು ಅದಕ್ಕೆ ಹೇಳುವವರು ಯಾರೂ ಇಲ್ಲ. ಇಷ್ಟಾದರೂ ಒಂದು ಮಾತು ಹೇಳಲೇಬೇಕು. ಟಾಯ್ಲೆಟ್ಟನ್ನು ಕಟ್ಟಿಸಿದ್ದು ಅಮ್ಮನ ರಟ್ಟೆನೋವು. ಬೆಂಚಿನ ಕಾಲು ಮುರಿಸಿದ್ದು ಭಾಮೈದನ ನಂಟು. ಸ್ವಂತದ್ದು ಸಿಕ್ಕಿಕೊಂಡಾಗ ಮನುಷ್ಯ ಇದನ್ನೂ ಮಾಡುತ್ತಾನೆ, ಅದನ್ನೂ ಮಾಡುತ್ತಾನೆ. ಗುನಿಲ್ಲಾಳ ನಿಯಮದ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿದರೆ ನಾನು ನಾನಲ್ಲ.

ಅಂದು ಒಳಗೆ ಏನಾಯಿತೆಂಬುದು ಆಮೇಲೆ ತಿಳಿಯಿತು. ಪ್ರಸ್ತಾವವನ್ನು ಎರಡೆರಡು ಸಲ ಓದಿದರಂತೆ. ಕೊನೆಗೆ ಗುನಿಲ್ಲಾ, "ಗೊತ್ತಿರುವವರಿಬ್ಬರೂ ಹೊರಗಿದ್ದಾರೆ. ನಮಗೆ ಏನೂ ಗೊತ್ತಿಲ್ಲ. ಹೋಗಿ ನೋಡಿಬಂದು ಹೇಳೋಣ" ಎಂದಳಂತೆ. ಹಾಗೆ ಹೇಳಿದ್ದಷ್ಟೇ ಅಲ್ಲ, ಒಂದು ಮಧ್ಯಾಹ್ನ ರೇಖಾ ಮೇಡಂ ಅವರ ಪಾಠಕ್ಕೆ ಹೋಗಿ ಕೂತಳು. ನನಗೆ ಅಲ್ಲಿಗೂ ಪ್ರವೇಶವಿರಲಿಲ್ಲ. ಮನೆಗೆ ಬಂದ ಇಂಚರಾಳನ್ನು ಹೇಗಿತ್ತೆಂದು ಕೇಳಿದರೆ ಸ್ವೀಡಿಷ್‌ನಲ್ಲಿ "ಚೆನ್ನಾಗಿತ್ತು" ಎಂದು ಫ್ರಿಜ್ ಬಾಗಿಲು ತೆಗೆದಳು.

ಚಳಿಗಾಲದಲ್ಲಿ ಕೊಮ್ಯೂನ್‌ನ ಉತ್ತರ ಬಂತು. ಗುಂಪಿನ ಸಲಹೆಯಂತೆ ಮೇಡಂ ಇನ್ನೊಂದು ವರ್ಷ ರೈಲಿನಲ್ಲೇ ಬರಲಿ, ಆಮೇಲೆ ನೋಡೋಣ. ಒಂದು ವರ್ಷವೆಂದರೆ ಕಮ್ಮಿಯಲ್ಲ. ಆ ವಾರದ ಸಭೆಗೆ ನಾನು ಹಿಮ ಕೊಡವಿಕೊಂಡು ತಡವಾಗಿ ಒಳಗೆ ಬಂದೆ. ಗುನಿಲ್ಲಾ ಪಕ್ಕದ ಕುರ್ಚಿ ಎಳೆದು, ಎಲ್ಲರೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ಬರ್ರಿ, ಕುಂದರ್ರಿ!"

ನಾನು ಬಾಗಿಲಲ್ಲೇ ನಿಂತೆ. ರೇಖಾ ಮೇಡಂ ಧಾರವಾಡದವರು. ನಮ್ಮ ಜೊತೆ ಇರುವಾಗ ಬೆಂಗಳೂರಿನ ಕನ್ನಡ ಆಡುತ್ತಾರೆ, ಮಕ್ಕಳ ಮುಂದೆ ತಮ್ಮದನ್ನೇ ಆಡುತ್ತಾರೆಂದು ಆಗ ಗೊತ್ತಾಯಿತು.

"ಯಾರು ಹೇಳಿಕೊಟ್ಟಿದ್ದು?" ಎಂದೆ.

"ನಿನ್ನ ಮಗಳು. ಹತ್ತು ಸಲ ಹೇಳಿಸಿದಳು. ಬಲು ಜೋರು ಅವಳು."

ನಮ್ಮ ಮೈಸೂರಿನ ಕಡೆ ಹಾಗನ್ನುವುದಿಲ್ಲ, 'ಕೂತ್ಕೊಳ್ಳಿ' ಅನ್ನಬೇಕು ಎಂಬ ಸಲಹೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಂತ್ರಿಯಿಂದ ಮಗುವಿನವರೆಗೆ ಎಲ್ಲರನ್ನೂ 'ನೀನು' ಎನ್ನುವ ಈ ದೇಶಕ್ಕೆ ಬಂದ ಮೇಲೆ, ಇಲ್ಲಿನವರೊಬ್ಬರು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ತೆಪ್ಪಗೆ ಹೋಗಿ ಕುಂತೆ.