ದುರ್ಬೀನಿಗೂ ಖಂಡೆ ಪೂಜೆ

ಬಂದೂಕಿಗಿಂತ ಅದರ ಮೇಲಿನ ದುರ್ಬೀನಿನ ಉಪಚಾರವೇ ನಮ್ಮ ಮನೆಯಲ್ಲಿ ಹೆಚ್ಚಾಗಿತ್ತು. ಎಪ್ಪತ್ತರ ದಶಕ. ಮಸೂತಿ ಊರಿನ ನಮ್ಮ ಹೊಲಕ್ಕೆ ಕಾಡುಹಂದಿಗಳ ಕಾಟವೆಂದು ನಮ್ಮ ಮನೆಯವರು ಲೈಸೆನ್ಸ್ ಮಾಡಿಸಿ ರೈಫಲ್ ಇಟ್ಟುಕೊಂಡಿದ್ದರು. ದುರ್ಬೀನನ್ನು ಎರಡು ಉಕ್ಕಿನ ಬಳೆಗಳಲ್ಲಿ ಕೂಡಿಸಿ, ತಿರುಪುಗಳನ್ನು ಒಂದೇ ಸಮ ಬಿಗಿದು, ಬದುವಿನ ಮೇಲೆ ಗಡಿಗೆ ಇಟ್ಟು ಹೊಡೆದು ನೋಡಬೇಕು. ಕೂದಲೆಳೆಯಷ್ಟು ಅಲುಗಿದರೂ ಗುಂಡು ಎತ್ತಲೋ ಹೋಗುತ್ತದೆ. ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಒಡೆದ ಗಡಿಗೆಗಳೆಲ್ಲ ನನ್ನ ಅಡುಗೆಮನೆಯವೇ.

ಆದರೆ ಮಹಾನವಮಿಯ ಖಂಡೆ ಪೂಜೆಗೆ ಕುಡಗೋಲು, ಕೊಡಲಿಯ ಜೊತೆ ಬಂದೂಕನ್ನೂ ತೊಳೆದು ವಿಭೂತಿ ಹಚ್ಚಬೇಕೆಂದು ಅತ್ತೆಯ ಕಟ್ಟಾಜ್ಞೆ. ನೀರು ಹೊಕ್ಕೀತೆಂದು ಇವರು ದುರ್ಬೀನನ್ನು ಬಿಚ್ಚಿಡುತ್ತಿದ್ದರು. ಪ್ರತಿವರ್ಷ ಬಿಚ್ಚುವುದು, ಕೂಡಿಸುವುದು, ಮತ್ತೆ ಗಡಿಗೆ ಒಡೆಯುವುದು. ನನಗೆ ಸಾಕುಸಾಕಾಗಿತ್ತು.

"ನಿಮ್ಮವ್ವಗ ಒಂದ್ ಮಾತ್ ಹೇಳಬಾರದೇನ್ರಿ?" ಎಂದರೆ, "ಆಕಿ ಪೂಜಿ, ಆಕಿ ಸಮಾಧಾನ. ಬಿಡ" ಎನ್ನುವರು.

ಒಂದು ವರ್ಷ ಬನ್ನಿ ಹಬ್ಬದ ಸಂಜೆ, ಬನ್ನಿ ಕೊಡಲು ಬಂದವರಿನ್ನೂ ಕಟ್ಟೆಯಿಂದ ಎದ್ದಿರಲಿಲ್ಲ, ಹೊಲದಾಳು ಓಡಿಬಂದ. "ಸಾವ್ಕಾರ್ರ, ಶೇಂಗಾದಾಗ ಹಂದಿ ಹೊಕ್ಕಾವ್ರಿ." ಇವರು ನಿಂತ ನಿಲುವಿನಲ್ಲೇ ದುರ್ಬೀನು ಸಿಕ್ಕಿಸಿ, ತಿರುಪು ತಿರುವಿ ಹೊರಟರು. ಹೊಡೆದು ನೋಡಲು ಹೊತ್ತೆಲ್ಲಿ?

ಗುಂಡು ಹಂದಿಗೆ ತಾಗಲಿಲ್ಲ. ಬಹಳ ಪಕ್ಕಕ್ಕೆ, ಜಾಲಿಗಿಡಕ್ಕೆ ಕಟ್ಟಿದ್ದ ನಮ್ಮದೇ ಎತ್ತಿಗೆ ತಾಗಿತು. ಕರುವಾಗಿದ್ದಾಗಿನಿಂದ ಅತ್ತೆ ಸಾಕಿದ ಎತ್ತು.

ಸುದ್ದಿ ಕೇಳಿ ನಾನೂ ಅತ್ತೆಯೂ ಹೊಲಕ್ಕೆ ಓಡಿದೆವು. ಅತ್ತೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಜೀವ ಹೋದ ಮೇಲೆ ಮಗನನ್ನು ಕೇಳಿದರು: "ಹೆಂಗ ತಪ್ಪಿತೋ ಯಪ್ಪಾ ನಿನ್ನ ಗುರಿ?"

ಬಾಗೇವಾಡಿ ತಾಲ್ಲೂಕಿನಲ್ಲೇ ಇವರ ಗುರಿಗೆ ಹೆಸರಿತ್ತು. ಇವರಿಗಿದ್ದ ಜಂಬ ಅದೊಂದೇ. ಪೂಜೆಗೆ ಬಿಚ್ಚಿದ ದುರ್ಬೀನಿನ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇವರು ನನ್ನನ್ನು ನೋಡಿದರು. ನುಂಗಿಕೊಂಡೆ. ತನ್ನ ಪೂಜೆಯೇ ಎತ್ತನ್ನು ಕೊಂದಿತೆಂದು ಗೊತ್ತಾದರೆ ಆ ಹಿರಿಜೀವ ಕೊರಗಿ ಕೊರಗಿ ಸಾಯುತ್ತಿತ್ತು.

"ಕೈ ನಡಗಾಕತ್ತೈತಿ ಯವ್ವಾ" ಎಂದರು ಇವರು.

"ಹಂಗಾರ ಇನ್ನ ಬಂದೂಕು ಮುಟ್ಟಬ್ಯಾಡ."

ಇವರು ಮುಟ್ಟಲಿಲ್ಲ. ನಲವತ್ತೂ ತುಂಬದ ಗಂಡಸು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಇಬ್ಬರನ್ನು ಕಂಡು ಅಳುವೂ ಬರುತ್ತಿತ್ತು. ಸಿಂದಗಿಯಿಂದ ಬೀಗರು ಬಂದಾಗ ಅತ್ತೆ ಎಲ್ಲರೆದುರೇ, "ಅಂವಂಗ ಅರ್ಧಾ ಕಪ್ಪೇ ಕೊಡವಾ, ಚೆಲ್ಲಿಕೊಂಡಾನು" ಎನ್ನುತ್ತಿದ್ದರು. ಕಲ್ಲಿನಂತೆ ಅಲುಗದ ಕೈಯಿಂದ ಇವರು ಆ ಅರ್ಧ ಕಪ್ಪು ಚಹಾ ಇಸಿದುಕೊಳ್ಳುತ್ತಿದ್ದರು. ಆಮೇಲೆ ತಾಯಿ ತನ್ನತ್ತ ನೋಡಿದಾಗ, ಬೇಕೆಂದೇ ಸ್ವಲ್ಪ ಚೆಲ್ಲುತ್ತಿದ್ದರು.