ಕೊನೆಯ ಸಾಲಿಗೆ ಹಾಡುವುದು

ನಮ್ಮ ಇಗರ್ಜಿಯ ಗಾಯನ ತಂಡದಲ್ಲಿ ಎತ್ತರದ ಸ್ವರದ ಹೆಂಗಸರೆಲ್ಲ ನರ್ಸುಗಳು. ಕ್ರಿಸ್ಮಸ್ ಹತ್ತಿರ ಬಂದಂತೆ ಅವರಿಗೆ ಡ್ಯೂಟಿ ಬೀಳುತ್ತಿತ್ತು, ಅಭ್ಯಾಸದ ದಿನ ಅವರ ಬೆಂಚು ಖಾಲಿ. ಆ ಸಾಲನ್ನು ಯಾರೂ ಹಾಡದಿದ್ದರೆ ಉಳಿದವರ ಶ್ರುತಿ ಜಾರುತ್ತಿತ್ತು. ಹಾಗಾಗಿ ಒಂದು ಶುಕ್ರವಾರ ಮೀಸೆ ಹೊತ್ತ ನಾನೇ ಅದನ್ನು ಹಾಡಿಬಿಟ್ಟೆ. ತೊಂಬತ್ತರ ದಶಕದ ಬಹರೈನ್. ನಾನು ಸಲ್ಮಾಬಾದಿನ ಗೋದಾಮೊಂದರಲ್ಲಿ ಗುಮಾಸ್ತ. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಹಾಡು ಕಲಿಸುತ್ತಿದ್ದ ಮುದುಕಿ ಮಾತ್ರ ನಗಲಿಲ್ಲ.

ಆಕೆ ಯುರೋಪಿನವಳು. ಹರೆಯದಲ್ಲಿ ಅಲ್ಲಿನ ದೊಡ್ಡ ದೊಡ್ಡ ಅಪೆರಾ, ಅಂದರೆ ಹಾಡುನಾಟಕದ, ಮಂದಿರಗಳ ವೃಂದದಲ್ಲಿ ಹಾಡಿದವಳು, ಈಗ ಮಗಳ ಜೊತೆ ಬುದಯ್ಯದ ವಿಲ್ಲಾದಲ್ಲಿದ್ದಳು. ಗಂಡಸು ಹೆಣ್ಣಿನ ಎತ್ತರದಲ್ಲಿ ಹಾಡಿದರೆ ಅವನನ್ನು ಕೌಂಟರ್‌ಟೆನರ್ ಎನ್ನುತ್ತಾರೆ, ರಾಜನ ಪಾತ್ರ ಕೊಡುತ್ತಾರೆ ಎಂದಳು. ನಮ್ಮೂರಲ್ಲಿ ಅಂಥವನಿಗೆ ಬೇರೆ ಹೆಸರಿತ್ತು, ಇಲ್ಲಿ ಬರೆಯುವಂಥದ್ದಲ್ಲ.

ಈ ಸ್ವರ ನನಗೆ ಬಂದದ್ದು ಅಮ್ಮನ ಅಮ್ಮನಿಂದ. ಮದುವೆಯ ಹಿಂದಿನ ಸಂಜೆ ನಮ್ಮ ಕೊಂಕಣಿ ಕ್ರೈಸ್ತರ ರೋಸ್ ಶಾಸ್ತ್ರದಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ವೊವಿಯೊ ಹಾಡನ್ನು ಎತ್ತುತ್ತಿದ್ದದ್ದು ಆ ಅಜ್ಜಿ. ಅವಳ ಮಗ್ಗುಲಲ್ಲಿ ಕೂತು ನಾನೂ ಹಾಡುತ್ತಿದ್ದೆ. ಮೀಸೆ ಚಿಗುರಿದ ಮೇಲೂ ಸ್ವರ ಹೋಗಲಿಲ್ಲ. ಆಗ ಅಮ್ಮ ನನ್ನನ್ನು ಒಳಗೆ ಕರೆದು, ಇನ್ನು ಜನರ ಮುಂದೆ ಹೀಗೆ ಬಾಯಿ ತೆರೆದರೆ ನೋಡು ಎಂದಳು. ಅಲ್ಲಿಗೆ ಮುಗಿಯಿತು.

ಆ ವರ್ಷ ಅಮ್ಮ ವಿಸಿಟ್ ವೀಸಾದಲ್ಲಿ ಬುಸೈತೀನಿನ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. ಕಣ್ಣಿಗೆ ಪೊರೆ ಬಂದಿತ್ತು, ದೂರದ ಮನುಷ್ಯರು ಅವಳಿಗೆ ಬರೀ ಬಣ್ಣ. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಒಂದು ಹಾಡನ್ನು ನಾನೊಬ್ಬನೇ ಹಾಡಬೇಕೆಂದು ಮುದುಕಿ ಹಟ ಹಿಡಿದಾಗ ನಾನು ಒಪ್ಪಿದ್ದು ಅಮ್ಮನಿಗಾಗಿ. ಅವಳಿಗೆ ಹೇಳುವ ಧೈರ್ಯವಿರಲಿಲ್ಲ. ಆದರೆ ಅವಳಿಗೆ ಕೇಳಿಸಬೇಕು, ಕೇಳಿ ಬೈದರೂ ಅಡ್ಡಿಯಿಲ್ಲ. ಫಜೀತಿಯೆಂದರೆ, ಅಮ್ಮ ಎಲ್ಲಿ ಹೋದರೂ ಕೂರುವುದು ಬಾಗಿಲ ಬಳಿ, ಕೊನೆಯ ಸಾಲಿನಲ್ಲಿ. ಊರ ಇಗರ್ಜಿಯಿಂದ ಬಂದ ಚಾಳಿ. ಕಾರ್ಯಕ್ರಮ ನಡೆಯಲಿದ್ದ ಶಾಲೆಯೊಂದರ ಸಭಾಂಗಣವೋ ಮುಗಿಯದಷ್ಟು ಉದ್ದ, ಮೇಲಿಂದ ಎ.ಸಿ.ಯ ಗುಂಯ್ ಸದ್ದು ಬೇರೆ. ಮೈಕ್ ಎಂಬ ಮಾತೆತ್ತಿದರೆ ಮುದುಕಿಗೆ ಮೈಯೆಲ್ಲ ಉರಿಯುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಅವಳ ಮನೆಯಲ್ಲಿ ಪಾಠ. ಕಿಟಕಿಯಾಚೆ ಖರ್ಜೂರದ ತೋಟ, ಅದರಾಚೆ ಅಲೆಯಿಲ್ಲದ ಸಮುದ್ರ, ಎರಡರ ಮೇಲೂ ಧೂಳಿನ ಹಳದಿ ಬೆಳಕು. ಅಲ್ಲಿ ಕೂತರೆ ಎಚ್ಚರವೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ನನ್ನದು ನಮ್ಮವರ ಅಭ್ಯಾಸ: ಚಪ್ಪರದಡಿ ನಿಂತು, ಗರ್ನಾಲು ಪಟಾಕಿ, ಬ್ಯಾಂಡು, ನೆಂಟರ ಗದ್ದಲ ಎಲ್ಲವನ್ನೂ ಮೀರಬೇಕೆಂದು ಗಂಟಲು ಹರಿಯುವಂತೆ ಹಾಡುವುದು. ಅದನ್ನು ಬಿಡಿಸಲು ಅವಳು ಪಟ್ಟ ಪಾಡು ದೇವರಿಗೇ ಗೊತ್ತು. ಮೊದಲು ಬಾಯಿ ಮುಚ್ಚಿ ಗುನುಗಬೇಕು, ಮೂಗಿನ ಬುಡ, ಕೆನ್ನೆಯ ಎಲುಬು ಜುಮ್ಮೆನ್ನಬೇಕು. ಆ ಜುಮ್ಮು ಕಳೆಯದಂತೆ ಬಾಯಿ ತೆರೆಯಬೇಕು. ಉಸಿರು ಸೋರಿದರೆ ಸ್ವರ ಹತ್ತಿಯಾಗಿ ಮುಂದಿನ ಸಾಲಿನಲ್ಲೇ ಬಿದ್ದುಹೋಗುತ್ತದೆ. ಪಕ್ಕೆ ಅರಳಿಯೇ ಇರಬೇಕು, ಗದ್ದ ಏಳಬಾರದು. ಎದೆಯ ಸ್ವರವನ್ನು ಮೇಲಕ್ಕೆಳೆಯುವುದಲ್ಲ, ತಲೆಯ ಸ್ವರವನ್ನು ಮೆಲ್ಲಗೆ ಕೆಳಗಿಳಿಸುವುದು. ಅಪೆರಾ ಮಂದಿರದಲ್ಲಿ ಇಡೀ ವಾದ್ಯವೃಂದ ಮೊರೆಯುತ್ತಿದ್ದರೂ ಒಂಟಿ ಸ್ವರ ತುತ್ತತುದಿಯ ಬಾಲ್ಕನಿ ಮುಟ್ಟುವುದು ಜೋರಿನಿಂದಲ್ಲ, ಮೊನೆಯಿಂದ ಎನ್ನುತ್ತಿದ್ದಳು.

ಅವಳ ಒಂದು ಮಾತು ಮಾತ್ರ ನನ್ನ ತಲೆಗೆ ಹೋಗಲೇ ಇಲ್ಲ. "ಸರಿಯಾಗಿ ಹಾಡಿದಾಗ ನಿನ್ನ ಸ್ವರ ನಿನಗೇ ಸಣ್ಣಗೆ ಕೇಳಿಸುತ್ತದೆ. ಅದು ಆಗಲೇ ಹೊರಟುಹೋಗಿರುತ್ತದೆ, ಹುಡುಕಿಕೊಂಡು ಹೋಗಬೇಡ."

ಆ ಸಂಜೆ ಬಂತು. ದೀಪಗಳ ಬೆಳಕಿಗೆ ಮುಂದಿನ ಸಾಲುಗಳಷ್ಟೇ ಕಾಣುತ್ತಿದ್ದವು. ಆಚೆಯ ಕತ್ತಲಲ್ಲಿ ಎಲ್ಲೋ ಅಮ್ಮ. ಬಾಯಿ ತೆರೆದೆ. ಅಯ್ಯೋ ಕರ್ಮವೇ, ನನ್ನ ಸ್ವರ ನನಗೇ ಕೇಳಿಸದಷ್ಟು ತೆಳ್ಳಗೆ. ಚಪ್ಪರದಡಿ ಕಿರುಚಿದಂತೆ ನೂಕಿಬಿಡೋಣ ಎಂದು ಗಂಟಲು ಬಿಗಿಯತೊಡಗಿತು. ಕೆಳಗೆ ನಿಂತಿದ್ದ ಮುದುಕಿ ತನ್ನ ಕೆನ್ನೆಯೆಲುಬಿನ ಮೇಲೆ ಬೆರಳಿಟ್ಟಳು. ಏನಾದರೂ ಆಗಲಿ ಎಂದು ಬಿಟ್ಟುಕೊಟ್ಟೆ. ಆಮೇಲೆ ಹಾಡುತ್ತಿರುವವನು ನಾನಲ್ಲ ಅನ್ನಿಸಿತು. ಯಾರೋ ಕುರ್ಚಿಗಳ ನಡುವೆ ಬರಿಗಾಲಲ್ಲಿ ನಡೆದುಹೋಗುತ್ತಿದ್ದರು, ನಾನು ನೋಡುತ್ತ ನಿಂತಿದ್ದೆ. ಜನ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿಗೆ ತಲುಪಿತೋ ಇಲ್ಲವೋ, ನನಗೇನೂ ತಿಳಿಯಲಿಲ್ಲ.

ಮನೆಗೆ ಹೋಗುವಾಗ ಮುಹರ್ರಕ್ ಸೇತುವೆಯ ಎರಡೂ ಬದಿ ನೀರು ಆಕಾಶದ ಬಣ್ಣಕ್ಕೇ ತಿರುಗಿತ್ತು, ಕಾರು ತೇಲುತ್ತಿದ್ದಂತಿತ್ತು. ಪಕ್ಕದಲ್ಲಿದ್ದ ಅಮ್ಮ ಕೊಂಕಣಿಯಲ್ಲಿ ಕೇಳಿದಳು:

"ಕಡೆಗೆ ಒಬ್ಬಳೇ ಹಾಡಿದಳಲ್ಲ, ಯಾರ ಮಗಳು ಅದು? ನನ್ನ ಅಮ್ಮ ಎದ್ದು ಬಂದು ಕಿವಿ ಹತ್ರ ಹಾಡಿದ ಹಾಗೆ ಆಯ್ತು ನಂಗೆ."

"ಮಾಯ್, ಅದು ನಾನು," ಎಂದೆ.

ಸೇತುವೆ ಮುಗಿಯುತ್ತ ಬಂದಿತ್ತು. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಮತ್ತೆ ಎಂಥಕ್ಕೆ ಇಷ್ಟು ವರ್ಷ ಬಾಯಿ ಮುಚ್ಚಿ ಕೂತದ್ದು ನೀನು?"

ಕೇಳಿದಿರಾ? ಬಾಯಿ ಮುಚ್ಚಿಸಿದ್ದು ಯಾರಂತೆ! ಸಿಟ್ಟು ಉಕ್ಕಿತು, ಅದರ ಬೆನ್ನಿಗೇ ಅಳು ಬಂತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಇನ್ನೊಮ್ಮೆ ಹಾಡು ಎಂದಳು. ನನಗೆ ಸ್ವರವೇ ಹೊರಡಲಿಲ್ಲ. ಗಾಜಿನಾಚೆ ನೋಡುತ್ತ, ಅಜ್ಜಿಯ ವೊವಿಯೊವನ್ನು ಅಮ್ಮನೇ ಎತ್ತಿದಳು. ಅವಳು ಹಾಡಿದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ. ಅದೇ ಸ್ವರ ಅವಳಲ್ಲೂ ಇತ್ತು.